ಫೈಲ್ ತೆರೆಯದಿದ್ದರೆ ತಪ್ಪು ಯಾರದು?

ಕಳೆದ ತಿಂಗಳು ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮೇಡಂ, ಗ್ರೂಪಿಗೆ ಹಾಕಿದ ಅರ್ಜಿ ಓಪನ್ ಆಗ್ತಿಲ್ಲ" ಎಂದ. ಒಳಗಿದ್ದವರೊಬ್ಬರು ತಲೆ ಎತ್ತದೆಯೇ, "ನಿನ್ನ ಫೋನೇ ಸರಿಯಿಲ್ಲ, ಬೇರೆಯವರ ಹತ್ರ ನೋಡ್ಕೋ ಹೋಗು" ಎಂದರು. ಹುಡುಗ ಹೋದ. ಆ ಉತ್ತರ ಕೇಳಿ ನನಗೆ ಮಾತ್ರ ಕಸಿವಿಸಿಯಾಯಿತು. 2008ರಲ್ಲಿ ಅದೇ ಉತ್ತರವನ್ನು, ಹೆಚ್ಚುಕಡಿಮೆ ಅದೇ ಮಾತಿನಲ್ಲಿ, ನಾನೂ ಒಬ್ಬ ಹುಡುಗಿಗೆ ಕೊಟ್ಟಿದ್ದೆ. ಆ ದಿನ ತಪ್ಪು ಅವಳದಾಗಿರಲಿಲ್ಲ.

ಆಗ ನಾನು ಬೇರೊಂದು ಊರಿನ ಕಾಲೇಜಿನಲ್ಲಿ ಹೊಸದಾಗಿ ಸೇರಿದ ಕಂಪ್ಯೂಟರ್ ಉಪನ್ಯಾಸಕಿ. ಕಂಪ್ಯೂಟರ್ ಕಲಿಸುವವರೆಂದರೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಕಾಲೇಜಿನ ವೆಬ್‌ಸೈಟಿನವರೆಗೆ ಎಲ್ಲವೂ ಅವರ ತಲೆಗೇ ಬರುತ್ತದೆ. ಇದು ಈಗಲೂ ಬದಲಾಗಿಲ್ಲ. ಆ ವರ್ಷ ಹಳೆಯ ವಿದ್ಯಾರ್ಥಿಗಳು ಕೂಡಿ ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದಿದ್ದರು. ಅರ್ಜಿ ನಮೂನೆಯನ್ನು ಸೈಟಿನಲ್ಲಿ ಹಾಕಿ, ಹತ್ತು ದಿನದೊಳಗೆ ತುಂಬಿ ತರಲಿ ಎಂದು ಆಡಳಿತ ಮಂಡಳಿ ಹೇಳಿತು. ನಾನು ಆಫೀಸಿಗೆ ಹೊಸದಾಗಿ ಬಂದಿದ್ದ ವರ್ಡ್ 2007ರಲ್ಲಿ ಅಂದವಾಗಿ ನಮೂನೆ ಟೈಪಿಸಿ, ಸೈಟಿಗೆ ಏರಿಸಿ, ನೋಟಿಸ್ ಬೋರ್ಡಿಗೆ ವಿಳಾಸ ಅಂಟಿಸಿ ಕೈ ತೊಳೆದುಕೊಂಡೆ.

ಮೂರನೆಯ ದಿನ ಸೈಬರ್ ಸೆಂಟರಿನಿಂದ ಒಬ್ಬ ವಿದ್ಯಾರ್ಥಿನಿಯ ಫೋನ್ ಬಂತು. ರೇಷ್ಮೆ ಫಿಲೇಚರ್‌ನಲ್ಲಿ ದಿನಗೂಲಿ ಮಾಡುವವರ ಮಗಳು. "ಮೇಡಂ, ಅರ್ಜಿ ಬರ್ತಿಲ್ಲ, ಜಿಪ್ ಫೈಲ್ ಬರ್ತಿದೆ. ಒಳಗೆ ಏನೇನೋ ಫೋಲ್ಡರ್ ಇದಾವೆ. ಇಲ್ಲಿನ ಅಂಕಲ್ ವೈರಸ್ ಅಂತಿದಾರೆ." ನಾನು ಆ ಫೈಲನ್ನು ನನ್ನ ಕಂಪ್ಯೂಟರಿನಲ್ಲಿ ಡಬಲ್ ಕ್ಲಿಕ್ ಮಾಡಿ ನೋಡಿದೆ. ಚೆನ್ನಾಗಿ ತೆರೆಯಿತು. "ನಂಗೆ ಸರಿಯಾಗೇ ಬರ್ತಿದೆಯಮ್ಮ. ಆ ಸೆಂಟರಿನ ಕಂಪ್ಯೂಟರೇ ಕೆಟ್ಟಿರಬೇಕು, ಬೇರೆ ಕಡೆ ಹೋಗಿ ನೋಡು" ಎಂದೆ. ಕಂಪ್ಯೂಟರ್ ಮೇಡಂ ಹೇಳಿದ ಮೇಲೆ ಅದು ಸರಿಯೇ ಇರಬೇಕೆಂದು ನಂಬಿ ಅವಳು ಇನ್ನೂ ಎರಡು ಸೆಂಟರ್ ಸುತ್ತಿದಳು. ಗಂಟೆಗೆ 20 ರೂಪಾಯಿ, ಮೇಲೆ ಬಸ್ಸಿನ ಖರ್ಚು. ಎಲ್ಲ ಕಡೆಯೂ ಅದೇ ಜಿಪ್ ಫೈಲ್. ಕಡೆಯ ದಿನ ಬಂದ ಅರ್ಜಿಗಳಲ್ಲಿ ಅವಳದಿರಲಿಲ್ಲ. ವಿಷಯ ನನಗೆ ತಿಳಿಯುವ ಹೊತ್ತಿಗೆ ಪಟ್ಟಿ ಅಂತಿಮವಾಗಿ ಹೋಗಿತ್ತು.

ಏನಾಗಿತ್ತು ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಇದು ನಮ್ಮ ಪಠ್ಯದಲ್ಲಿ ಒಂದು ಸಾಲಾಗಿಯೂ ಬರುವುದಿಲ್ಲ.

ನಾವು ಫೈಲನ್ನು ಗುರುತಿಸುವುದು ಅದರ ಹೆಸರಿನ ಬಾಲದಿಂದ: ಡಾಟ್ ಡಾಕ್, ಡಾಟ್ ಜೆಪಿಜಿ, ಡಾಟ್ ಪಿಡಿಎಫ್. ವಿಂಡೋಸ್ ನಮಗೆ ಕಲಿಸಿದ ಅಭ್ಯಾಸ ಅದು. ವೆಬ್‌ನ ಕ್ರಮ ಬೇರೆ. ಬ್ರೌಸರ್ ಕೇಳಿದ ಫೈಲನ್ನು ಸರ್ವರ್ ಕಳಿಸುವಾಗ ಮೊದಲು ಕೆಲವು ಸಾಲುಗಳ ಒಂದು ಚೀಟಿ ಹೋಗುತ್ತದೆ, ಅದರ ಹಿಂದೆ ಫೈಲ್. ಆ ಚೀಟಿಗೆ ಹೆಡರ್ ಎಂದು ಹೆಸರು. ಅದರಲ್ಲಿ ಕಂಟೆಂಟ್-ಟೈಪ್ ಎಂಬ ಒಂದು ಸಾಲಿರುತ್ತದೆ: 'ಇದು ಎಚ್‌ಟಿಎಂಎಲ್ ಪುಟ', 'ಇದು ಜೆಪೆಗ್ ಚಿತ್ರ', 'ಇದು ಸಾದಾ ಪಠ್ಯ' ಎಂದು ಅದು ಹೇಳುತ್ತದೆ. ಬ್ರೌಸರ್ ನಂಬಬೇಕಾದದ್ದು ಈ ಸಾಲನ್ನು. ಫೈಲಿನ ಬಾಲಕ್ಕೆ ಅಲ್ಲಿ ಎರಡನೆಯ ಸ್ಥಾನ.

ಈ ಚೀಟಿಯ ಪದ್ಧತಿ ಹುಟ್ಟಿದ್ದು ವೆಬ್‌ಗಾಗಿ ಅಲ್ಲ, ಇಮೇಲ್‌ಗಾಗಿ. ಹಿಂದೆ ಇಮೇಲಿನಲ್ಲಿ ಇಂಗ್ಲಿಷ್ ಅಕ್ಷರಗಳಷ್ಟೇ ಸಲೀಸಾಗಿ ಹೋಗುತ್ತಿದ್ದವು. ಚಿತ್ರ, ಧ್ವನಿ, ಬೇರೆ ಭಾಷೆಗಳ ಲಿಪಿ ಕಳಿಸಲು ನಥೇನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಎಂಬ ಇಬ್ಬರು 1992ರಲ್ಲಿ ಮೈಮ್ ಎಂಬ ಕ್ರಮವನ್ನು ರೂಪಿಸಿದರು. ಆ ವರ್ಷದ ಮಾರ್ಚ್‌ನಲ್ಲಿ ಬೋರೆನ್‌ಸ್ಟೀನ್ ಕಳಿಸಿದ ಮೊದಲ ಅಟ್ಯಾಚ್‌ಮೆಂಟಿನಲ್ಲಿ ಅವರ ನಾಲ್ಕು ಜನರ ಹಾಡುಗಾರರ ತಂಡದ ಫೋಟೊ ಇತ್ತು. ವೆಬ್‌ನ ಮೊಟ್ಟಮೊದಲ ರೂಪದಲ್ಲಿ ಹೆಡರೇ ಇರಲಿಲ್ಲ. ಬರುವುದೆಲ್ಲ ಎಚ್‌ಟಿಎಂಎಲ್ ಎಂದೇ ಲೆಕ್ಕ. ಚಿತ್ರ, ಧ್ವನಿ ಎಲ್ಲ ಸೇರಿಕೊಂಡಾಗ ಮೈಮ್‌ನ ಹೆಸರುಗಳನ್ನೇ ಎರವಲು ಪಡೆದರು. 1996ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.0ರ ದಾಖಲೆಯಲ್ಲಿ ಅದು ದಾಖಲಾಗಿದೆ.

ಹಾಗಾದರೆ ಸರ್ವರಿಗೆ ಫೈಲ್ ಯಾವ ಬಗೆಯದೆಂದು ಹೇಗೆ ಗೊತ್ತು? ಪಾಪ, ಅದಕ್ಕೂ ಗೊತ್ತಿಲ್ಲ. ಅದರ ಬಳಿ ಒಂದು ಪಟ್ಟಿ ಇರುತ್ತದೆ: ಈ ಬಾಲಕ್ಕೆ ಈ ಬಗೆ ಎಂದು. ಪಟ್ಟಿಯಲ್ಲಿ ಇಲ್ಲದ ಬಾಲ ಬಂದರೆ ಆಗಿನ ಅಪಾಚೆ ಸರ್ವರುಗಳು ಸಾಮಾನ್ಯವಾಗಿ 'ಸಾದಾ ಪಠ್ಯ' ಎಂದು ಬರೆದು ಕಳಿಸಿಬಿಡುತ್ತಿದ್ದವು. ವಿಂಡೋಸ್ ಸರ್ವರ್ 2003ರ ಜೊತೆ ಬಂದ ಐಐಎಸ್ 6ರ ರೀತಿ ಇನ್ನೂ ವಿಚಿತ್ರ. ಪಟ್ಟಿಯಲ್ಲಿ ಇಲ್ಲದ ಬಗೆಯಾದರೆ, ಫೈಲ್ ಕಣ್ಣೆದುರೇ ಇದ್ದರೂ, 404 ಎನ್ನುತ್ತಿತ್ತು, ಅಂದರೆ 'ಅಂಥ ಫೈಲೇ ಇಲ್ಲ'. ಎಷ್ಟು ಜನ ಆ ಉತ್ತರ ನಂಬಿ ಅದೇ ಫೈಲನ್ನು ಮತ್ತೆ ಮತ್ತೆ ಏರಿಸಿ ಸುಸ್ತಾಗಿರಬಹುದೋ!

ನನ್ನ ಅರ್ಜಿಯ ಬಾಲ ಡಾಟ್ ಡಾಕ್ಸ್. ವರ್ಡ್ 2007ರ ಜೊತೆ ಹೊಸದಾಗಿ ಬಂದದ್ದು. ನಮ್ಮ ಸೈಟಿದ್ದ ಹಳೆಯ ಸರ್ವರಿನ ಪಟ್ಟಿಯಲ್ಲಿ ಅದು ಇರಲಿಲ್ಲ. ಸರ್ವರ್ 'ಸಾದಾ ಪಠ್ಯ' ಎಂಬ ಚೀಟಿ ಹಚ್ಚಿ ಕಳಿಸಿತು. ಸೈಬರ್ ಸೆಂಟರಿನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಆ ಚೀಟಿಯ ಮೇಲೆ ನಂಬಿಕೆ ಬರಲಿಲ್ಲ. ಅದು ಫೈಲಿನ ಮೊದಲ ಕೆಲವು ಬೈಟುಗಳನ್ನು ಮೂಸಿ ನೋಡಿತು. ಡಾಟ್ ಡಾಕ್ಸ್ ಎಂಬುದು ನಿಜವಾಗಿ ಹಲವು ಎಕ್ಸ್‌ಎಂಎಲ್ ಫೈಲುಗಳನ್ನು ಸೇರಿಸಿ ಕಟ್ಟಿದ ಜಿಪ್ ಗಂಟು. ಎಕ್ಸ್‌ಪ್ಲೋರರ್ 'ಓಹೋ, ಇದು ಜಿಪ್' ಎಂದುಕೊಂಡು ಬಾಲವನ್ನೇ ಬದಲಿಸಿ ಉಳಿಸಿತು. ಗಂಟು ಬಿಚ್ಚಿದ ಹುಡುಗಿಗೆ ಕಂಡದ್ದು ವರ್ಡ್‌ನ ಒಳಮನೆ. ನಗು ಬರುವ ಸಂಗತಿ ಏನೆಂದರೆ, ಆ ಗಂಟಿನೊಳಗೆ ಎಲ್ಲಕ್ಕಿಂತ ಹೊರಗಡೆಯೇ 'ಕಂಟೆಂಟ್ ಟೈಪ್ಸ್' ಎಂಬ ಹೆಸರಿನ ಒಂದು ಫೈಲಿರುತ್ತದೆ. ಒಳಗಿನ ಯಾವ ಭಾಗ ಯಾವ ಬಗೆ ಎಂದು ಅದರಲ್ಲಿ ಅಚ್ಚುಕಟ್ಟಾಗಿ ಬರೆದಿರುತ್ತದೆ. ಉತ್ತರ ಅವಳ ಕಣ್ಣ ಮುಂದೆಯೇ ಇತ್ತು, ಓದಲು ಹೇಳಿಕೊಡಬೇಕಾದವಳು ನಾನಾಗಿದ್ದೆ.

ನನಗೂ ಇದು ತಿಳಿದದ್ದು ತಡವಾಗಿ. ಹೋಸ್ಟಿಂಗ್‌ನವರಿಗೆ ಫೋನ್ ಮಾಡಿದಾಗ ಆ ಕಡೆಯ ಹುಡುಗ, "ಮೇಡಂ, ಹೆಡರ್ ಏನು ಬರ್ತಿದೆ ನೋಡಿದೀರಾ?" ಎಂದು ಕೇಳಿದ. ನೋಡಿರಲಿಲ್ಲ. ನೋಡಬಹುದೆಂಬುದೇ ಗೊತ್ತಿರಲಿಲ್ಲ. ಅವನು ಹೇಳಿಕೊಟ್ಟಂತೆ ಕಪ್ಪು ಪರದೆಯಲ್ಲಿ ಟೆಲ್‌ನೆಟ್ ಹಾಕಿ, ಸರ್ವರಿನ 80ನೇ ಪೋರ್ಟ್‌ಗೆ ಹೋಗಿ, ಕೈಯಿಂದಲೇ ಕೋರಿಕೆ ಟೈಪಿಸಿ ಎರಡು ಸಲ ಎಂಟರ್ ಒತ್ತಿದೆ. ಏಳೆಂಟು ಸಾಲುಗಳ ಉತ್ತರ ಬಂತು. ಅದರಲ್ಲಿ ಒಂದು ಸಾಲು: ಕಂಟೆಂಟ್-ಟೈಪ್, ಸಾದಾ ಪಠ್ಯ. ಡಾಟ್ ಎಚ್‌ಟಿಆ್ಯಕ್ಸೆಸ್ ಎಂಬ ಫೈಲಿನಲ್ಲಿ 'ಆ್ಯಡ್‌ಟೈಪ್' ಎಂದು ಶುರುವಾಗುವ ಒಂದೇ ಸಾಲು ಸೇರಿಸಿದೆ. ಡಾಟ್ ಡಾಕ್ಸ್‌ನ ಅಧಿಕೃತ ಬಗೆಯ ಹೆಸರು ಗೇಣುದ್ದ ಇದೆ. ಎರಡು ಸಲ ತಪ್ಪಿ ಮೂರನೆಯ ಸಲ ಸರಿಯಾಯಿತು. ಒಟ್ಟು ಹತ್ತು ನಿಮಿಷದ ಕೆಲಸ.

ಆ ಕಾಲದ ಉಪಕರಣಗಳ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿ ಹೇಳಲೇಬೇಕು. ನಮ್ಮ ಸೈಟ್ ಕಟ್ಟಿದ್ದು ಮೈಕ್ರೋಸಾಫ್ಟ್ ಫ್ರಂಟ್‌ಪೇಜ್‌ನಲ್ಲಿ. ಅದನ್ನು ಮೊದಲು ಮಾಡಿದ್ದು ವರ್ಮೀರ್ ಟೆಕ್ನಾಲಜೀಸ್ ಎಂಬ ಸಣ್ಣ ಕಂಪನಿ; 1996ರ ಆರಂಭದಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಫ್ರಂಟ್‌ಪೇಜ್ ತನ್ನಷ್ಟಕ್ಕೆ ಸೃಷ್ಟಿಸುತ್ತಿದ್ದ 'ವಿಟಿಐ' ಹೆಸರಿನ ಫೋಲ್ಡರುಗಳಲ್ಲಿ ಆ ಹಳೆಯ ಕಂಪನಿಯ ಹೆಸರಿನ ಮೊದಲಕ್ಷರಗಳೇ ಉಳಿದುಕೊಂಡಿದ್ದವು. ಇವು ಕಸ ಎಂದು ಅಳಿಸಿದವರ ಸೈಟಿನ ಫಾರ್ಮುಗಳು, ಹಿಟ್ ಕೌಂಟರುಗಳು ಸತ್ತುಹೋಗುತ್ತಿದ್ದವು. ಕೋಡ್ ಗೊತ್ತಿಲ್ಲದವರೂ ವರ್ಡ್‌ನಲ್ಲಿ ಟೈಪಿಸಿದಂತೆ ಪುಟ ಮಾಡಬಹುದಿತ್ತು. ಅದಿಲ್ಲದಿದ್ದರೆ ನಮ್ಮಂಥ ಕಾಲೇಜುಗಳಿಗೆ ಸೈಟೇ ಇರುತ್ತಿರಲಿಲ್ಲ, ಆ ಉಪಕಾರ ನಾನು ಮರೆಯುವುದಿಲ್ಲ. ಆದರೆ ಅದು ಎಲ್ಲವನ್ನೂ ಪರದೆಯ ಹಿಂದೆ ಮುಚ್ಚಿಟ್ಟಿತು. ನಮ್ಮ ಕಂಪ್ಯೂಟರಿನಲ್ಲಿ ಚೆಂದ ಕಂಡದ್ದು ಲೋಕಕ್ಕೆಲ್ಲ ಹಾಗೆಯೇ ಕಾಣುತ್ತದೆ ಎಂಬ ಭ್ರಮೆಯನ್ನು ನನ್ನ ತಲೆಯಲ್ಲಿ ಕೂರಿಸಿದ್ದು ಅದೇ.

ಎಷ್ಟೋ ಸೈಟುಗಳಲ್ಲಿ ಚಿತ್ರದ ವಿಳಾಸ ಮಾಡಿದವರ ಮನೆಯ ಸಿ ಡ್ರೈವ್‌ನದೇ ಆಗಿರುತ್ತಿತ್ತು. ಅವರಿಗೆ ಚಿತ್ರ ಕಾಣುತ್ತಿತ್ತು, ಉಳಿದವರಿಗೆ ಕೆಂಪು ಗುಣಾಕಾರದ ಗುರುತು. ಇನ್ನು ದೊಡ್ಡಕ್ಷರ ಸಣ್ಣಕ್ಷರದ ತಾಪತ್ರಯ. ಹೆಸರು ದೊಡ್ಡಕ್ಷರದಲ್ಲಿರಲಿ ಸಣ್ಣಕ್ಷರದಲ್ಲಿರಲಿ, ವಿಂಡೋಸ್‌ಗೆ ಎರಡೂ ಒಂದೇ. ಲಿನಕ್ಸ್ ಸರ್ವರಿಗೆ ಅವು ಎರಡು ಬೇರೆ ಫೈಲು. ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಈ ಭೇದವೇ ಇಲ್ಲದ ಕಾರಣ ನಮ್ಮ ಮಕ್ಕಳಿಗೆ ಈ ತಪ್ಪು ಕಣ್ಣಿಗೆ ಬೀಳುವುದೇ ಕಷ್ಟ.

ಎಫ್‌ಟಿಪಿಯಲ್ಲಿ ಏರಿಸುವಾಗಿನ ಆಸ್ಕಿ, ಬೈನರಿ ಎಂಬ ಎರಡು ವಿಧಾನಗಳದು ಇನ್ನೊಂದು ಕಥೆ. ವಿಂಡೋಸ್‌ನಲ್ಲಿ ಪಠ್ಯದ ಸಾಲು ಮುಗಿದ ಕಡೆ 13 ಮತ್ತು 10 ಎಂಬ ಎರಡು ಬೈಟುಗಳಿರುತ್ತವೆ, ಯುನಿಕ್ಸ್‌ನಲ್ಲಿ 10 ಒಂದೇ. ಆಸ್ಕಿ ವಿಧಾನದಲ್ಲಿ ಕಳಿಸಿದರೆ ದಾರಿಯಲ್ಲೇ ಆ 13 ಉದುರಿಹೋಗುತ್ತದೆ. ಪಠ್ಯಕ್ಕೆ ಅದು ಅನುಕೂಲ, ಚಿತ್ರಕ್ಕೆ ವಿಷ. ಈ ಅನಾಹುತ ಎಷ್ಟು ಸಾಮಾನ್ಯವಾಗಿತ್ತೆಂದರೆ ಪಿಎನ್‌ಜಿ ಚಿತ್ರದ ಮಾದರಿ ರೂಪಿಸಿದವರು ಫೈಲಿನ ಮೊದಲ ಎಂಟು ಬೈಟುಗಳಲ್ಲೇ ಅದಕ್ಕೊಂದು ಬಲೆ ಇಟ್ಟರು: 137, 80, 78, 71, 13, 10, 26, 10. ನಡುವಿನ 80, 78, 71 ಎಂದರೆ ಪಿ, ಎನ್, ಜಿ. ಅವುಗಳ ಹಿಂದಿನ 13 ಮತ್ತು 10 ದಾರಿಯಲ್ಲಿ ಬದಲಾದರೆ, ಫೈಲ್ ಕೆಟ್ಟಿದೆ ಎಂದು ತೆರೆಯುವ ಮೊದಲೇ ಗೊತ್ತಾಗುತ್ತದೆ. ಕಳಿಸುವವನು ತಪ್ಪುತ್ತಾನೆ ಎಂದು ಮೊದಲೇ ಊಹಿಸಿ, ಓದುವವನ ಪರವಾಗಿ ಮಾಡಿದ ಈ ಏರ್ಪಾಡು ನನಗೆ ಬಹಳ ಇಷ್ಟ.

ಎಕ್ಸ್‌ಪ್ಲೋರರ್ ಮಾಡುತ್ತಿದ್ದ ಊಹೆಯೂ ಉಪಕಾರವಲ್ಲವೇ ಎಂದು ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ನಾನು ಅಲ್ಲ ಎನ್ನುತ್ತೇನೆ. ಕಂಟೆಂಟ್-ಟೈಪ್ ಹೇಳದಿದ್ದಾಗ ಮಾತ್ರ ಬ್ರೌಸರ್ ಊಹಿಸಬಹುದು ಎಂದು 1999ರ ಎಚ್‌ಟಿಟಿಪಿ 1.1ರ ದಾಖಲೆಯಲ್ಲಿ ಸ್ಪಷ್ಟವಾಗಿತ್ತು. ಎಕ್ಸ್‌ಪ್ಲೋರರ್ ಹೇಳಿದ ಮೇಲೂ ಊಹಿಸುತ್ತಿತ್ತು. ಇದರಿಂದ ಸರ್ವರ್ ತಪ್ಪು ಚೀಟಿ ಹಚ್ಚಿದರೂ ಬಹಳ ಸಲ ಪುಟ ಸರಿಯಾಗಿಯೇ ಕಾಣುತ್ತಿತ್ತು, ಹೀಗಾಗಿ ಯಾರೂ ಚೀಟಿ ತಿದ್ದುವ ಗೋಜಿಗೆ ಹೋಗಲಿಲ್ಲ. ಅದೇ ಸೈಟನ್ನು ಮೊಜಿಲ್ಲಾದಲ್ಲಿ ತೆರೆದವರಿಗೆ, ಸ್ಟೈಲ್ ಶೀಟಿಗೆ 'ಸಾದಾ ಪಠ್ಯ' ಎಂಬ ಚೀಟಿ ಇದ್ದ ಕಾರಣಕ್ಕೆ, ಬಣ್ಣವಿಲ್ಲದ ಬೋಳು ಪುಟ ಕಾಣುತ್ತಿತ್ತು. ಜನ ಬೈದದ್ದು ನಿಯಮ ಪಾಲಿಸಿದ ಮೊಜಿಲ್ಲಾವನ್ನು! ಊಹೆಯಲ್ಲಿ ಅಪಾಯವೂ ಇತ್ತು. ಚಿತ್ರದ ಹೆಸರಿನಲ್ಲಿ ಬಂದ ಫೈಲಿನೊಳಗೆ ಎಚ್‌ಟಿಎಂಎಲ್ ಅಡಗಿಸಿಟ್ಟರೆ ಎಕ್ಸ್‌ಪ್ಲೋರರ್ ಅದನ್ನು ಪುಟವೆಂದು ಊಹಿಸಿ ಒಳಗಿನ ಸ್ಕ್ರಿಪ್ಟನ್ನು ಓಡಿಸಿಬಿಡುವ ಸಾಧ್ಯತೆ ಇತ್ತು. ಕೊನೆಗೆ 2009ರಲ್ಲಿ ಬಿಡುಗಡೆಯಾದ ಎಕ್ಸ್‌ಪ್ಲೋರರ್ 8ರಲ್ಲಿ, 'ಮೂಸಬೇಡ' ಎಂದು ಸರ್ವರ್ ಹೇಳಲು ಬೇರೆಯೇ ಒಂದು ಹೆಡರ್ ತರಬೇಕಾಯಿತು. ಇಂದಿಗೂ ಒಳ್ಳೆಯ ಸೈಟುಗಳೆಲ್ಲ ಆ ಹೆಡರ್ ಕಳಿಸುತ್ತವೆ.

ಕನ್ನಡದ ಪುಟಗಳಿಗೆ ಈ ಚೀಟಿಯ ಪೆಟ್ಟು ಇನ್ನೂ ಜೋರಾಗಿ ಬಿದ್ದಿದೆ. ಕಂಟೆಂಟ್-ಟೈಪ್ ಸಾಲಿನಲ್ಲೇ ಅಕ್ಷರಗಳು ಯಾವ ಎನ್‌ಕೋಡಿಂಗ್‌ನಲ್ಲಿವೆ ಎಂದೂ ಹೇಳಬಹುದು. ನಾವು ಯೂನಿಕೋಡಿನಲ್ಲಿ ಕನ್ನಡ ಪ್ರಕಟಣೆ ಹಾಕಿದೆವು. ಪುಟದ ತಲೆಯಲ್ಲಿ ಯುಟಿಎಫ್-8 ಎಂದು ಬರೆದೂ ಇದ್ದೆವು. ಸರ್ವರ್ ಮಾತ್ರ ತನ್ನ ಚೀಟಿಯಲ್ಲಿ ಪಶ್ಚಿಮ ಯುರೋಪಿನ ಲಿಪಿ ಎಂದು ಹೇಳುತ್ತಿತ್ತು. ಇಬ್ಬರಲ್ಲಿ ಜಗಳವಾದರೆ ಸರ್ವರಿನ ಮಾತೇ ನಡೆಯುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೆ, ಒಂದೊಂದು ಸ್ವರಚಿಹ್ನೆಗೆ ಮೂರು ಬೈಟು. ಪರದೆಯ ಮೇಲೆ ಮೂರು ಮೂರರ ಗುಂಪಾಗಿ ಕಸ ಬಂತು: ಮೊದಲನೆಯದು ಸದಾ ತಲೆಯ ಮೇಲೆ ಓರೆಗೀಟಿರುವ 'ಎ', ಎರಡನೆಯದು ಮೇಲಕ್ಕೆ ಬರೆದ ಪುಟ್ಟ 2 ಅಥವಾ 3. ಉರ್ದುವಾದರೆ ಒಂದು ಅಕ್ಷರಕ್ಕೆ ಎರಡು ಬೈಟು, ಓರೆಗೀಟು ಎಳೆದ 'ಒ'ನಂಥ ಆಕೃತಿ ಮತ್ತೆ ಮತ್ತೆ ಬರುತ್ತದೆ. ಇಂಥ ಕಸ ಎಲ್ಲಾದರೂ ಕಂಡರೆ ಗಾಬರಿ ಬೇಡ. ಅಕ್ಷರಗಳು ಕೆಟ್ಟಿಲ್ಲ, ಚೀಟಿ ಕೆಟ್ಟಿದೆ.

ಅದಕ್ಕೂ ಹಿಂದೆ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಮಾಡಿದ ಪುಟಗಳಿದ್ದವು. ಓದುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಚುಕ್ಕಿ, ಗೀಟು ಹಚ್ಚಿದ ಇಂಗ್ಲಿಷ್ ಅಕ್ಷರಗಳೇ ಗತಿ. ಉರ್ದು ಪತ್ರಿಕೆಗಳು ಇನ್‌ಪೇಜ್‌ನಲ್ಲಿ ಪುಟ ಕಟ್ಟಿ, ವೆಬ್‌ಗೆ ಅದರ ಚಿತ್ರವನ್ನೇ ಹಾಕುತ್ತಿದ್ದವು. ನಸ್ತಾಲೀಕ್ ಬರಹ ಕಣ್ಣಿಗೆ ಚೆಂದ ಕಾಣುತ್ತಿತ್ತು, ಆದರೆ ಆ ಪುಟದಲ್ಲಿ ಒಂದು ಹೆಸರನ್ನೂ ಹುಡುಕುವಂತಿರಲಿಲ್ಲ. ನಮ್ಮ ಎರಡೂ ಭಾಷೆಗಳ ವರ್ಷಗಟ್ಟಲೆಯ ಬರಹ ಹೀಗೆ ಯಾವ ಹುಡುಕಾಟಕ್ಕೂ ಸಿಗದೆ ಉಳಿದಿದೆ.

ಈಗ ಇದೆಲ್ಲ ಹಳೆಯ ಕಥೆಯಲ್ಲವೇ ಎನ್ನಬಹುದು. ಫ್ರಂಟ್‌ಪೇಜ್ 2003ರ ಆವೃತ್ತಿಯೇ ಕೊನೆಯದು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಹೋಯಿತು. ಡಾಟ್ ಡಾಕ್ಸ್ ಈಗ ಎಲ್ಲ ಸರ್ವರುಗಳಿಗೂ ಗೊತ್ತು. ನನಗೆ ಕಾಣುವುದು ಬೇರೆ: ನಾವು ಕಳಿಸುವ ರೀತಿ ಅಷ್ಟೇನೂ ಬದಲಾಗಿಲ್ಲ. ನಮ್ಮ ಕಾಲೇಜಿನ ಗ್ರೂಪುಗಳನ್ನೇ ನೋಡಿ. ಪರೀಕ್ಷೆಯ ವೇಳಾಪಟ್ಟಿ ನೋಟಿಸ್ ಬೋರ್ಡಿನ ಓರೆ ಫೋಟೊ ಆಗಿ ಬರುತ್ತದೆ, ಅರ್ಜಿ ನಾಲ್ಕು ಸಲ ಸ್ಕ್ಯಾನ್ ಮಾಡಿ ಮಸುಕಾದ ಪಿಡಿಎಫ್ ಆಗಿ, ಕನ್ನಡ ಸುತ್ತೋಲೆ ನುಡಿ ಫಾಂಟಿನ ಡಾಕ್ ಫೈಲಾಗಿ. ಕಳಿಸಿದವರ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿದೆ. ತೆರೆಯದ ಹುಡುಗನ ಫೋನಿನಲ್ಲಿ ನುಡಿ ಇಲ್ಲ, ವರ್ಡ್ ಇಲ್ಲ. ಆ ದಿನ ಬಾಗಿಲಿಗೆ ಬಂದವನ ಫೋನನ್ನು ನಾನು ಆಮೇಲೆ ಕರೆದು ನೋಡಿದೆ. ಫೈಲನ್ನು ಯಾರೋ 'ರಿನೇಮ್' ಮಾಡುವಾಗ ಬಾಲವನ್ನೇ ಅಳಿಸಿಬಿಟ್ಟಿದ್ದರು. ಫೋನಿಗೆ ಅದು ಯಾವ ಬಗೆಯೆಂದು ತಿಳಿಯುವ ದಾರಿಯೇ ಇರಲಿಲ್ಲ.

ಹಾಗಾಗಿ ಪ್ರಾಂಶುಪಾಲರಲ್ಲೂ ಆಡಳಿತ ಮಂಡಳಿಯ ಹಿರಿಯರಲ್ಲೂ ನನ್ನ ಕೋರಿಕೆ ಹೀಗಿದೆ. ಹೊಸ ವೆಬ್‌ಸೈಟ್ ಮಾಡಿಸುವ ಮಾತು ನಡೆಯುತ್ತಿದೆ. ಅದರಲ್ಲಿ ಓಡುವ ಚಿತ್ರ, ಹಾರುವ ಅಕ್ಷರ ಏನಿದ್ದರೂ ಸರಿ, ಪ್ರಕಟಣೆಗಳು ಮಾತ್ರ ಯೂನಿಕೋಡ್ ಕನ್ನಡ ಮತ್ತು ಉರ್ದುವಿನಲ್ಲಿ ಸಾದಾ ಪುಟವಾಗಿ ಇರಲಿ. ಅರ್ಜಿ ಹಾಕುವ ಮುನ್ನ ಅದನ್ನು ಮಾಡಿದವರ ಕಂಪ್ಯೂಟರ್ ಬಿಟ್ಟು ಬೇರೆ ಎರಡು ಕಡೆ, ಅದರಲ್ಲೊಂದು ಕಡಿಮೆ ಬೆಲೆಯ ಫೋನ್ ಆಗಿರಲಿ, ಲಿಂಕ್ ಒತ್ತಿ ತೆರೆದು ನೋಡಬೇಕು. 'ತೆರೆಯುತ್ತಿಲ್ಲ' ಎಂದು ದೂರು ಬಂದ ಅರ್ಜಿಗೆ, ಸರಿಪಡಿಸಿದ ದಿನದಿಂದ ಹೊಸದಾಗಿ ಕಡೆಯ ದಿನಾಂಕ ಎಣಿಸಬೇಕು. ಈ ಕೊನೆಯದಕ್ಕೆ ಆಫೀಸಿನವರ ಆಕ್ಷೇಪಣೆ ಇದೆ ಎಂದು ಗೊತ್ತು. ಹಾಗೆ ಮಾಡಿದರೆ ಎಲ್ಲರೂ ನೆಪ ಹೇಳುತ್ತಾರೆ ಎನ್ನುತ್ತಾರೆ. ನೆಪ ಹೇಳುವವರು ಇದ್ದೇ ಇರುತ್ತಾರೆ. ಮೂರು ಸೈಬರ್ ಸೆಂಟರ್ ಸುತ್ತಿದ ಹುಡುಗಿ ಅವರಲ್ಲಿ ಒಬ್ಬಳಾಗಿರಲಿಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ಫೈಲ್ ತೆರೆಯದಿದ್ದರೆ 'ಬರ್ತಿಲ್ಲ' ಎಂದಷ್ಟೇ ಹೇಳಬೇಡಿ. ಏನು ಕೇಳಿದಿರಿ, ಬದಲಿಗೆ ಏನು ಬಂತು, ಪರದೆಯ ಮೇಲೆ ಇದ್ದ ಸಾಲು ಯಾವುದು ಎಂದು ಬರೆದು ತನ್ನಿ. ಆ ಹುಡುಗಿ 'ಜಿಪ್ ಫೈಲ್ ಬರ್ತಿದೆ, ಒಳಗೆ ಫೋಲ್ಡರ್ ಇದಾವೆ' ಎಂದು ಎಷ್ಟು ಸರಿಯಾಗಿ ಹೇಳಿದ್ದಳು! ರೋಗದ ಲಕ್ಷಣ ಪೂರ್ತಿ ಅದರಲ್ಲಿತ್ತು. ಕೇಳಿಸಿಕೊಳ್ಳುವ ಕಿವಿ ನನಗಿರಲಿಲ್ಲ.

ಹೆಡರ್ ನೋಡಲು ಈಗ ಟೆಲ್‌ನೆಟ್ ಬೇಕಿಲ್ಲ. ಲ್ಯಾಬಿನ ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಎಂಬಲ್ಲಿ ಹೋಗಿ, ಪುಟವನ್ನು ಮತ್ತೊಮ್ಮೆ ತೆರೆದು, ಒಂದು ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಸಾಕು, ಚೀಟಿ ಪೂರ್ತಿ ಕಾಣುತ್ತದೆ. ಮುಂದಿನ ಶನಿವಾರ ಕೊನೆಯ ಪಿರಿಯಡ್ ಮುಗಿದ ಮೇಲೆ ಒಂದು ಗಂಟೆ ಲ್ಯಾಬ್ ತೆರೆದಿರುತ್ತೇನೆ; ವಿಜ್ಞಾನ, ವಾಣಿಜ್ಯ, ಕಲಾ ಎಂಬ ಭೇದವಿಲ್ಲ, ಯಾರು ಬೇಕಾದರೂ ಬನ್ನಿ. ಕಾಲೇಜಿಗೆ ಫೋನ್ ತರುವಂತಿಲ್ಲ ಎಂಬ ನಿಯಮಕ್ಕೆ ಆ ಒಂದು ದಿನ ಪ್ರಾಂಶುಪಾಲರು ವಿನಾಯಿತಿ ಕೊಟ್ಟಿದ್ದಾರೆ. ನಿಮ್ಮ ಫೋನಿನಲ್ಲಿ ತೆರೆಯದೆ ಬಿದ್ದಿರುವ ಫೈಲ್ ಒಂದನ್ನು ಅಳಿಸದೆ ತನ್ನಿ.